ಜರ್ಮನಿಗೆ ಟೇಬಲ್ ಟೆನಿಸ್ ಆಡಲು ಬರುವ ಮಕ್ಕಳಿಗೆ, ಅವರ ಅಪ್ಪ-ಅಮ್ಮಂದಿರಿಗೆ

ಮೊದಲು ಶೂ ವಿಷಯ ಹೇಳಿಬಿಡುತ್ತೇನೆ. ರಸ್ತೆಯಲ್ಲಿ ಹಾಕಿಕೊಂಡು ಬಂದ ಶೂನಲ್ಲೇ ಹಾಲ್ ಒಳಗೆ ಕಾಲಿಡಬೇಡಿ. ಹೊಸದಾಗಿ ಬಂದಾಗ ನಾನು ಅದೇ ತಪ್ಪು ಮಾಡಿದ್ದೆ. ಹಾಲ್ ನೋಡಿಕೊಳ್ಳುವ ಹೌಸ್‌ಮೈಸ್ಟರ್ ನನ್ನನ್ನು ನಿಲ್ಲಿಸಿ, ನೆಲದ ಮೇಲೆ ನನ್ನ ಶೂ ಎಳೆದಿದ್ದ ಕಪ್ಪು ಗೆರೆ ತೋರಿಸಿ, ಮಾತೇ ಆಡದೆ ಒಂದು ಒದ್ದೆ ಬಟ್ಟೆ ಕೈಗಿಟ್ಟ. ಮೊಣಕಾಲೂರಿ ಒರೆಸಿದೆ. ಈ ಹಾಲ್‌ಗಳು ಬಹುಮಟ್ಟಿಗೆ ಶಾಲೆಯವು, ನಗರಸಭೆಯವು. ಸಂಜೆ ಹೊತ್ತು ಕ್ಲಬ್‌ಗೆ ಬಿಟ್ಟುಕೊಟ್ಟಿರುತ್ತಾರೆ ಅಷ್ಟೇ. ಗೆರೆ ಬೀಳದ ಸೋಲ್ ಇರುವ ಶೂ ಬ್ಯಾಗಿನಲ್ಲಿ ಬೇರೆಯೇ ಇರಲಿ.

ನಾನು ಇಲ್ಲಿಗೆ ಬಂದು ಹದಿನಾರು ವರ್ಷ ಆಯಿತು. ಸಣ್ಣ ಕ್ಲಬ್ಬೊಂದರ ಮೂರನೇ ಟೀಮಿನಲ್ಲಿ ಆಡುತ್ತೇನೆ, ವಾರಾಂತ್ಯದಲ್ಲಿ ಮಕ್ಕಳನ್ನು ಕಾರಿನಲ್ಲಿ ಮ್ಯಾಚ್‌ಗೆ ಕರೆದೊಯ್ಯುತ್ತೇನೆ. ಕನ್ನಡದವರು ಯಾರಾದರೂ ಟಿಟಿ ಎಂದರೆ ನನ್ನ ನಂಬರು ಕೈಯಿಂದ ಕೈಗೆ ಹೋಗುತ್ತದೆ. ಫೋನ್ ಬಂದರೆ ಮಾತು ಹೆಚ್ಚುಕಡಿಮೆ ಒಂದೇ: "ಸರ್, ಮಗ ಚೆನ್ನಾಗಿ ಆಡ್ತಾನೆ, ಜರ್ಮನೀಲಿ ಒಳ್ಳೆ ಕೋಚ್ ಹತ್ರ ಹಾಕ್ಬೇಕು."

ಇಲ್ಲಿ 'ಕೋಚ್ ಹತ್ರ ಹಾಕೋದು' ಎಂಬ ಪದ್ಧತಿಯೇ ಇಲ್ಲ. ಇರುವುದು ಫೆರೈನ್, ಅಂದರೆ ಸದಸ್ಯರೇ ಸೇರಿ ನಡೆಸುವ ಕ್ಲಬ್. ಸಂಜೆ ಆರರಿಂದ ಮಕ್ಕಳು, ಎಂಟರ ಮೇಲೆ ದೊಡ್ಡವರು. ಟೇಬಲ್ ಹಾಕುವವರು, ಮಡಿಸುವವರು ಆಡುವವರೇ. ಸಣ್ಣ ಕ್ಲಬ್ಬಿನ ತರಬೇತುದಾರ ಹಗಲು ಇನ್ನೆಲ್ಲೋ ಕೆಲಸ ಮಾಡಿ ಬಂದವನಾಗಿರುತ್ತಾನೆ. ಅವನು ವಾರಕ್ಕೆ ಎರಡು ಸಂಜೆ ಒಂದೂವರೆ ಗಂಟೆ ನಿಮ್ಮ ಮಗುವಿಗೆ ಸಿಗಬಹುದು, ಅದೂ ಇನ್ನು ಹತ್ತು ಮಕ್ಕಳ ಜೊತೆ. ಇದನ್ನು ಕೇಳಿ ಅರ್ಧ ಜನ ಫೋನ್ ಇಡುತ್ತಾರೆ.

ಇಡಬೇಡಿ. ಈ ದೇಶದಲ್ಲಿ ಕಲಿಸುವವರಿಗಿಂತ ದೊಡ್ಡ ಸಂಪತ್ತು ಟೇಬಲ್ಲಿನ ಆಚೆ ಬದಿ ನಿಲ್ಲುವವರು. ಜಿಲ್ಲಾ ಮಟ್ಟದ ಕ್ರೈಸ್‌ಕ್ಲಾಸ್ಸೆಯಿಂದ ದೇಶದ ಅತಿ ಮೇಲಿನ ಬುಂಡೆಸ್‌ಲಿಗಾವರೆಗೆ ಲೀಗ್‌ಗಳು ಮೆಟ್ಟಿಲು ಮೆಟ್ಟಿಲಾಗಿವೆ. ಹನ್ನೆರಡರ ಹುಡುಗಿ, ಮೂವತ್ತರ ಡಿಫೆಂಡರ್, ಅರವತ್ತೈದರ ಅಜ್ಜ ಒಂದೇ ಹಾಲ್‌ನಲ್ಲಿ ಬೆವರುತ್ತಾರೆ. ಅಷ್ಟು ಬಗೆಯ ಆಟ ಒಂದು ಅಕಾಡೆಮಿಯೊಳಗೆ ಸಿಗುವುದಿಲ್ಲ.

ಎರಡು ವರ್ಷದ ಹಿಂದೆ ಹದಿನೈದರ ಹುಡುಗನೊಬ್ಬನನ್ನು ನಮ್ಮ ಕ್ಲಬ್ಬಿಗೆ ಕರೆದೊಯ್ದಿದ್ದೆ. ಫೋರ್‌ಹ್ಯಾಂಡ್ ಟಾಪ್‌ಸ್ಪಿನ್, ಅಂದರೆ ಬಾಲನ್ನು ಮುಂದಕ್ಕೆ ತಿರುಗಿಸಿ ಹೊಡೆಯುವುದು, ನೋಡಿದರೆ ಕಣ್ಣು ತಂಪಾಗಬೇಕು, ಅಷ್ಟು ಚಂದ. ಎದುರಿಗೆ ನಿಂತವರು ನಿವೃತ್ತ ಪೋಸ್ಟ್‌ಮ್ಯಾನ್, ಮೊಣಕಾಲಿಗೆ ಪಟ್ಟಿ, ಬ್ಯಾಕ್‌ಹ್ಯಾಂಡ್ ಬದಿಗೆ ಲಾಂಗ್ ಪಿಂಪಲ್, ಅಂದರೆ ಉದ್ದ ಮುಳ್ಳುಗಳಿರುವ ರಬ್ಬರ್. ಹುಡುಗ ಟಾಪ್‌ಸ್ಪಿನ್ ಹೊಡೆದ, ಅವರು ಬ್ಯಾಟನ್ನು ಸುಮ್ಮನೆ ಅಡ್ಡ ಹಿಡಿದರು. ಉದ್ದ ಮುಳ್ಳುಗಳು ಬಾಲ್‌ನ ತಿರುಗಣೆಯನ್ನು ನಿಲ್ಲಿಸುವುದಿಲ್ಲ. ಅದೇ ತಿರುಗಣೆ ಹಿಂದಕ್ಕೆ ಬರುವಾಗ ಬ್ಯಾಕ್‌ಸ್ಪಿನ್, ಅಂದರೆ ಹಿಮ್ಮುಖ ತಿರುಗಣೆ, ಆಗಿರುತ್ತದೆ. ಹುಡುಗನ ಮುಂದಿನ ಹೊಡೆತ ನೆಟ್‌ಗೆ. ಇನ್ನೂ ಜೋರಾಗಿ ಸ್ಪಿನ್ ಕೊಟ್ಟ, ಅಷ್ಟೇ ಭಾರವಾಗಿ ವಾಪಸ್ ಬಂತು, ಮತ್ತೆ ನೆಟ್. ಬೇಸತ್ತು ಬ್ಯಾಕ್‌ಸ್ಪಿನ್ ಕೊಟ್ಟು ಮೆಲ್ಲಗೆ ಪುಶ್ ಮಾಡಿದ, ಅದು ಟಾಪ್‌ಸ್ಪಿನ್ ಥರ ಎದ್ದು ಬಂದು ಎದೆಗೆ ತಾಗಿತು. ಮೂರಕ್ಕೆ ಮೂರು ಗೇಮ್ ಸೋತ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅಂಕಲ್, ಇದು ಅಲೋಡಾ?" ಅಲೋಡು. ಅಂತಾರಾಷ್ಟ್ರೀಯ ಫೆಡರೇಶನ್ನಿನ ಒಪ್ಪಿಗೆ ಪಟ್ಟಿಯಲ್ಲಿರುವ ರಬ್ಬರೇ. ಪೋಸ್ಟ್‌ಮ್ಯಾನ್ ಅಜ್ಜ ಬೆವರು ಒರೆಸಿಕೊಂಡು "ನೋಖ್‌ಮಾಲ್?" ಎಂದರು, ಇನ್ನೊಂದ್ಸಲ ಆಡೋಣವಾ ಅಂತ. ಹುಡುಗ ನೀರಿನ ಬಾಟಲ್ ಕೆಳಗಿಟ್ಟು ಹೋದ. ಆಗಲೇ ನನಗೆ ಗೊತ್ತಾಯಿತು, ಇವನು ಇಲ್ಲಿ ಉಳಿದುಕೊಳ್ಳುತ್ತಾನೆ ಅಂತ.

ಕ್ಲಬ್ ಹುಡುಕುವಾಗ ದೊಡ್ಡ ಹೆಸರಿನ ಹಿಂದೆ ಬೀಳಬೇಡಿ ಎನ್ನುವುದು ಅದಕ್ಕೇ. ಬೊರುಸಿಯಾ ಡ್ಯೂಸೆಲ್‌ಡಾರ್ಫ್ ಎಲ್ಲರಿಗೂ ಗೊತ್ತು. ಜರ್ಮನಿಯ ಹೆಸರಾಂತ ಆಟಗಾರ ಟಿಮೋ ಬೋಲ್ 2007ರಿಂದ 2025ರಲ್ಲಿ ಬ್ಯಾಟ್ ಕೆಳಗಿಡುವವರೆಗೂ ಅಲ್ಲೇ ಆಡಿದರು, ನಮ್ಮ ದೇಶದ ಶರತ್ ಕಮಲ್ ಕೂಡ ಆ ಕ್ಲಬ್ ಪರ ಆಡಿದವರು. ನೋಡಲು ಹೋಗಿ, ಮ್ಯಾಚ್‌ಗೆ ಟಿಕೆಟ್ ಸಿಗುತ್ತದೆ. ಸೇರುವುದಕ್ಕೆ ಮಾತ್ರ ಬೇರೆ ಲೆಕ್ಕ. ನಿಮ್ಮ ಮಗುವಿಗಿಂತ ಒಂದು ಮೆಟ್ಟಿಲು ಮೇಲೆ ಆಡುವವರು ಐದಾರು ಮಂದಿ ವಾರಕ್ಕೆ ಮೂರು ಸಲ ಬರುವ ಕ್ಲಬ್ ಸಿಕ್ಕರೆ ಸಾಕು. ಎರಡು ಮೆಟ್ಟಿಲು ಮೇಲಿನವರ ನಡುವೆ ಹಾಕಿದರೆ ಮಗು ಬಾಲ್ ಹೆಕ್ಕುತ್ತಾ ಇರುತ್ತದೆ.

ಊರು ದೊಡ್ಡದಾಗಿರಬೇಕು ಅಂತಲೂ ಇಲ್ಲ. ಓಕ್ಸನ್‌ಹೌಸನ್ ಹತ್ತು ಸಾವಿರ ಜನರೂ ಇಲ್ಲದ ಊರು. ಬ್ರೆಜಿಲ್‌ನ ಹ್ಯೂಗೊ ಕಾಲ್ಡೆರಾನೊ 2014ರಲ್ಲಿ ಇನ್ನೂ ಹದಿಹರೆಯದಲ್ಲಿ ಅಲ್ಲಿನ ಕ್ಲಬ್ಬಿಗೆ ಬಂದರು, ವರ್ಷಗಟ್ಟಲೆ ಅಲ್ಲೇ ಬೆಳೆದರು. 2025ರಲ್ಲಿ ಮಕಾವ್‌ನಲ್ಲಿ ವಿಶ್ವಕಪ್ ಗೆದ್ದರು. ಆದರೆ ಒಬ್ಬ ಕಾಲ್ಡೆರಾನೊನನ್ನು ತೋರಿಸಿ ಮಕ್ಕಳಿಗೆ ಆಸೆ ಹುಟ್ಟಿಸುವುದು ನನಗೆ ಅಷ್ಟು ಸರಿಬರುವುದಿಲ್ಲ. ಅವರು ಬರುವ ಹೊತ್ತಿಗೇ ತಮ್ಮ ದೇಶದ ದೊಡ್ಡ ಭರವಸೆಯಾಗಿದ್ದವರು.

ಈಗ ವೀಸಾ. ಸೋಲುವವರು ಹೆಚ್ಚು ಇಲ್ಲೇ.

ಮೊದಲ ಸಲ ಶೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ) ಅಲ್ಪಾವಧಿ ವೀಸಾದಲ್ಲಿ ಮೂರು-ನಾಲ್ಕು ವಾರಕ್ಕೆ ಬನ್ನಿ. 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಸಂಬಳದ ಕೆಲಸ ಮಾಡುವಂತಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಬೇಕು. ಹದಿನೆಂಟು ತುಂಬದ ಮಗು ಒಂಟಿಯಾಗಿಯೋ ಒಬ್ಬ ಪೋಷಕರ ಜೊತೆಯೋ ಬರುವುದಾದರೆ ಜೊತೆಗಿಲ್ಲದವರ ಒಪ್ಪಿಗೆ ಪತ್ರ ಬೇಕಾಗುತ್ತದೆ. ಕ್ಲಬ್ಬಿನಿಂದ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಭ್ಯಾಸ, ಎಲ್ಲಿ ವಾಸ ಎಂದು ನಾಲ್ಕು ಸಾಲಿನ ಪತ್ರ ತರಿಸಿಕೊಳ್ಳಿ. ಕೇಳಿದರೆ ಕೊಡುತ್ತಾರೆ.

'ಬುಂಡೆಸ್‌ಲಿಗಾ ಕಾಂಟ್ರ್ಯಾಕ್ಟ್ ಮಾಡಿಸಿಕೊಡುತ್ತೇವೆ' ಎನ್ನುವ ಮಧ್ಯವರ್ತಿಗಳಿದ್ದಾರೆ, ಹುಷಾರು. ವೃತ್ತಿಪರ ಆಟಗಾರನಾಗಿ ಇಲ್ಲಿ ನೆಲೆಸಲು ಕಾನೂನು ಮೂರು ಷರತ್ತು ಹಾಕುತ್ತದೆ: ಹದಿನಾರು ತುಂಬಿರಬೇಕು, ಆ ಆಟದ ರಾಷ್ಟ್ರೀಯ ಸಂಸ್ಥೆ ಆಟದ ಮಟ್ಟವನ್ನು ದೃಢಪಡಿಸಬೇಕು, ಮತ್ತು ಕ್ಲಬ್ ಕೊಡುವ ಸಂಬಳ ಪಿಂಚಣಿ ವಿಮೆಯ ವಂತಿಗೆ ಲೆಕ್ಕ ಹಾಕುವ ಸಂಬಳದ ಗರಿಷ್ಠ ಮಿತಿಯ ಅರ್ಧವಾದರೂ ಇರಬೇಕು. 2025ರಲ್ಲಿ ಆ ಮಿತಿ ತಿಂಗಳಿಗೆ 8,050 ಯೂರೋ, ಅರ್ಧ ಎಂದರೆ 4,025. ಇನ್ನೂ ಹೆಸರು ಮಾಡದ ಹುಡುಗನಿಗೆ ಯಾವ ಕ್ಲಬ್ ಅಷ್ಟು ಕೊಡುತ್ತದೆ? ನನಗೆ ಗೊತ್ತಿರುವ ಕುಟುಂಬವೊಂದು ಇಂಥ ಮಾತು ನಂಬಿ ಮುಂಗಡ ಕೊಟ್ಟು, ಕೊನೆಗೆ ಕೈಗೆ ಬಂದದ್ದು ಒಂದು ಸಣ್ಣ ಕ್ಲಬ್ಬಿನ ಸದಸ್ಯತ್ವದ ಫಾರಂ. ಆ ಫಾರಂ ಯಾರಿಗಾದರೂ ಪುಕ್ಕಟೆ ಸಿಗುತ್ತದೆ.

ನಿಜವಾಗಿ ನಡೆಯುವ ದಾರಿಗಳು ಎರಡು. ಒಂದು, ಅಪ್ಪನಿಗೋ ಅಮ್ಮನಿಗೋ ಇಲ್ಲಿ ಕೆಲಸ ಸಿಕ್ಕಿ ಮನೆಯವರೆಲ್ಲ ಬರುವುದು. ಇನ್ನೊಂದು, ಹದಿನೆಂಟರ ನಂತರ ವಿಶ್ವವಿದ್ಯಾಲಯಕ್ಕೆ ಸೇರಿ, ಓದಿನ ಜೊತೆ ಆಡುವುದು. ಎರಡನೆಯದಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ತೋರಿಸುವ ನಿಯಮ 2024ರ ಸೆಪ್ಟೆಂಬರ್‌ನಿಂದ ಬಂದಿದೆ. ಹೊರಡುವ ಮೊದಲು ಮೊತ್ತ ಬದಲಾಗಿದೆಯೇ ಎಂದು ರಾಯಭಾರ ಕಚೇರಿಯ ಪುಟದಲ್ಲಿ ನೋಡಿಕೊಳ್ಳಿ.

ಮನೆಯವರ ಜೊತೆ ಬಂದ ಮಗುವನ್ನು ಶಾಲೆ ಬಿಡಿಸಿ ದಿನವಿಡೀ ಆಡಿಸೋಣ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಶಾಲೆ ಕಡ್ಡಾಯ. ಮನೆಯಲ್ಲೇ ಓದಿಸುತ್ತೇವೆ ಎಂದರೂ ಒಪ್ಪುವುದಿಲ್ಲ. ಮೊದಮೊದಲು ಇದು ನನಗೂ ಕಿರಿಕಿರಿ ಅನ್ನಿಸುತ್ತಿತ್ತು, ಈಗ ಇಲ್ಲ. ಪ್ಯಾರಿಸ್ ಒಲಿಂಪಿಕ್ಸ್ ನೆನಪಿದೆಯಲ್ಲ, 2024. ಮಹಿಳಾ ಟೀಮ್ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿ ನಮ್ಮನ್ನು 3-1ರಿಂದ ಸೋಲಿಸಿತು. ಆ ಒಂದು ಗೆಲುವು ನಮ್ಮ ಅರ್ಚನಾ ಕಾಮತ್ ಅವರದು, ಶಾನ್ ಶಿಯಾವೋನಾ ವಿರುದ್ಧ. ಮಾರನೇ ದಿನ ಹಾಲ್‌ನಲ್ಲಿ ನಾನು ಕಾಲರ್ ಎತ್ತಿಕೊಂಡೇ ಓಡಾಡಿದೆ. ಕೆಲವೇ ವಾರಗಳಲ್ಲಿ ಅರ್ಚನಾ ಓದಿಗಾಗಿ ಆಟ ಬಿಟ್ಟು ಹೊರಟರು. ಆ ಮಟ್ಟಕ್ಕೆ ಏರಿದವರಿಗೂ ಪುಸ್ತಕದ ಬಾಗಿಲು ತೆರೆದೇ ಇತ್ತು. ನಿಮ್ಮ ಮಗುವಿನದನ್ನು ಹದಿಮೂರಕ್ಕೇ ಮುಚ್ಚಬೇಡಿ.

ಕಾಲೆಂಡರ್ ಗಮನಿಸಿ. ಸೀಸನ್ ಜುಲೈ 1ಕ್ಕೆ ಲೆಕ್ಕ, ಮ್ಯಾಚ್ ಶುರುವಾಗುವುದು ಸೆಪ್ಟೆಂಬರ್ ಹೊತ್ತಿಗೆ. ಮೊದಲ ಸುತ್ತು ಡಿಸೆಂಬರ್‌ವರೆಗೆ, ಎರಡನೇ ಸುತ್ತು ಜನವರಿಯಿಂದ ವಸಂತದವರೆಗೆ. ರಜೆ ಸಿಕ್ಕಿತೆಂದು ಜುಲೈ-ಆಗಸ್ಟ್‌ನಲ್ಲಿ ಬಂದರೆ ಎಷ್ಟೋ ಹಾಲ್‌ಗಳಿಗೆ ಬೀಗ, ಶಾಲೆಗೆ ರಜೆ ಎಂದರೆ ಹಾಲ್‌ಗೂ ರಜೆ. ಆಗ ಹಣ ಕೊಟ್ಟು ಸೇರುವ ಶಿಬಿರಗಳು ಸಿಗುತ್ತವೆ, ಆದರೆ ಕ್ಲಬ್ಬಿನ ದಿನಚರಿ ಕಾಣುವುದಿಲ್ಲ. ನನ್ನ ಮಾತು ಕೇಳುವುದಾದರೆ ಸೆಪ್ಟೆಂಬರ್ ಕೊನೆಗೋ ಜನವರಿ ಕೊನೆಗೋ ಬನ್ನಿ. ಒಂದು ಕ್ಲಬ್ ಬಿಟ್ಟು ಇನ್ನೊಂದಕ್ಕೆ ಆಡಬೇಕಾದರೆ ಮೇ 31 ಮತ್ತು ನವೆಂಬರ್ 30 ಎಂಬ ಎರಡೇ ಗಡುವು. ದಾಟಿತೆಂದರೆ ಅರ್ಧ ಸೀಸನ್ ಬೆಂಚು.

ಲೀಗ್ ಆಡಲು ಶುರುಮಾಡಿದ ಮೇಲೆ ಮಗುವಿಗೆ ಟಿಟಿಆರ್ ಎಂಬ, ಆಟದ ಮಟ್ಟ ತೋರಿಸುವ ಅಂಕೆ ಅಂಟಿಕೊಳ್ಳುತ್ತದೆ. ಪ್ರತಿ ಮ್ಯಾಚ್‌ಗೂ ಏರುತ್ತದೆ, ಇಳಿಯುತ್ತದೆ. ಟೀಮಿನಲ್ಲಿ ಯಾರು ಯಾವ ಸ್ಥಾನ ಎನ್ನುವುದಕ್ಕೂ ಅದೇ ಆಧಾರ. ಅಪ್ಪಂದಿರು ದಿನಕ್ಕೆ ಮೂರು ಸಲ ಆ ಅಂಕೆ ನೋಡುವುದನ್ನು ಕಂಡಿದ್ದೇನೆ. ಷೇರು ಮಾರುಕಟ್ಟೆಯೇ ಅದು, ಮಗುವಿನ ಮುಂದೆ ತೆರೆಯಬೇಡಿ.

ಖರ್ಚಿನ ಬಗ್ಗೆ ಹೆಚ್ಚೇನಿಲ್ಲ. ಸಣ್ಣ ಕ್ಲಬ್ಬಿನಲ್ಲಿ ಮಕ್ಕಳ ವಾರ್ಷಿಕ ಚಂದಾ ದೊಡ್ಡ ಮೊತ್ತವಲ್ಲ, ಪ್ರಯೋಗಕ್ಕೆ ಬರುವ ಮೊದಲ ಕೆಲವು ಸಂಜೆ ಸಾಮಾನ್ಯವಾಗಿ ಉಚಿತ. ಬಿಡುವಾಗ ಮಾತ್ರ ಲಿಖಿತವಾಗಿ ತಿಳಿಸಿ. ಹೋಗುವುದು ನಿಲ್ಲಿಸಿದರೆ ಸದಸ್ಯತ್ವ ನಿಲ್ಲುವುದಿಲ್ಲ, ಬ್ಯಾಂಕಿನಿಂದ ಹಣ ಹೋಗುತ್ತಲೇ ಇರುತ್ತದೆ. ಮಕ್ಕಳ ತರಬೇತುದಾರರ ಪೊಲೀಸ್ ದಾಖಲೆಯ ಪ್ರಮಾಣಪತ್ರವನ್ನು ಕ್ಲಬ್ ನೋಡಿದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಇಲ್ಲಿ ಅದು ಸಹಜ ಪ್ರಶ್ನೆ.

ಇನ್ನು ಹಾಲ್‌ನೊಳಗಿನ ನಡವಳಿಕೆ. ನಮ್ಮ ಮಕ್ಕಳು ಗೋಡೆಗೊರಗಿ ನಿಂತು, ಯಾರಾದರೂ ಕರೆಯಲಿ ಎಂದು ಕಾಯುತ್ತಾರೆ. ಯಾರೂ ಕರೆಯುವುದಿಲ್ಲ, ಅದು ತಿರಸ್ಕಾರವಲ್ಲ. ಖಾಲಿ ನಿಂತವರ ಬಳಿ ಹೋಗಿ "ಶ್ಪೀಲೆನ್ ವಿಯರ್?" ಎನ್ನಬೇಕು, ಆಡೋಣವಾ ಅಂತ. ಐವತ್ತರವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಮೊದಲ ವಾರ ಬಾಯಿ ಕಟ್ಟುತ್ತದೆ, ಆಮೇಲೆ ಅಭ್ಯಾಸ. ಕೆಳಗಿನ ಲೀಗ್‌ಗಳಲ್ಲಿ ಹೊರಗಿನ ಅಂಪೈರ್ ಇರುವುದಿಲ್ಲ, ಆಟಗಾರರೇ ಪಾಯಿಂಟ್ ಎಣಿಸುತ್ತಾರೆ. ಬಾಲ್ ನಿಮ್ಮ ಕಡೆಯ ಅಂಚಿಗೆ ತಾಗಿದ್ದು ನಿಮಗೆ ಕಂಡರೆ ನೀವೇ ಹೇಳಬೇಕು. ಕೊನೆಯ ಟೇಬಲ್ ಮಡಿಸುವವರೆಗೆ ಇರಿ. ಮುಂದಿನ ಶನಿವಾರದ ಮ್ಯಾಚ್‌ಗೆ ಒಬ್ಬರು ಕಮ್ಮಿ ಎನ್ನುವ ಸುದ್ದಿ ಆ ಹೊತ್ತಿನಲ್ಲೇ ಬರುವುದು.

ಕ್ಲಬ್ಬಿಗೆ ಬರೆಯುವಾಗ ಯುಗೆಂಟ್‌ವಾರ್ಟ್ ಎಂಬ ಹುದ್ದೆಯವರಿಗೆ ಬರೆಯಿರಿ, ಮಕ್ಕಳ ವಿಭಾಗ ನೋಡಿಕೊಳ್ಳುವವರು ಅವರು. ವಯಸ್ಸು, ಎಷ್ಟು ವರ್ಷದಿಂದ ಆಟ, ಎಡಗೈಯೋ ಬಲಗೈಯೋ, ಬರುವ ತಾರೀಖು, ಇಷ್ಟು ಸಾಕು. ಪದಕದ ಫೋಟೋ ಬೇಡ. ಐದು ನಿಮಿಷದ ಒಂದು ವಿಡಿಯೋ ಸೇರಿಸಿ, ಅದೂ ಮಗು ಸೋತ ಮ್ಯಾಚ್‌ನದು. ಅದನ್ನು ನೋಡಿದರೆ ಯಾವ ಟೀಮಿನ ಜೊತೆ ನಿಲ್ಲಿಸಬೇಕು ಎಂದು ಅವರಿಗೆ ಥಟ್ಟನೆ ತಿಳಿಯುತ್ತದೆ. ಆಗಸ್ಟ್‌ನಲ್ಲಿ ಬರೆದಿರೋ, ಸೆಪ್ಟೆಂಬರ್‌ವರೆಗೆ ಉತ್ತರದ ದಾರಿ ಕಾಯಬೇಡಿ.