ಧೂಪವನ್ನು ಆರಿದ ಮೇಲೆ ಮೂಸಬೇಕು

ಶ್ರೀಗಂಧದ ಪುಡಿ, ಜಟಾಮಾಂಸಿ, ಏಲಕ್ಕಿ, ಲವಂಗ, ಒಣಗಿದ ಗುಲಾಬಿ ದಳ. ನನ್ನ ಮೊದಲ ಧೂಪಕ್ಕೆ ಕೈಗೆ ಸಿಕ್ಕಿದ ಪರಿಮಳದ ವಸ್ತುಗಳನ್ನೆಲ್ಲ ಸುರಿದಿದ್ದೆ. ಕಲಸುವಾಗ ಬಟ್ಟಲಿನಿಂದ ಎದ್ದ ಘಮಕ್ಕೆ ಮನಸ್ಸು ಅರಳಿತ್ತು. ಬತ್ತಿ ಹೊಸೆದು, ವಾರವಿಡೀ ಒಣಗಿಸಿ, ಆಸೆಯಿಂದ ಹಚ್ಚಿದೆ. ಎರಡೇ ನಿಮಿಷಕ್ಕೆ ಪಕ್ಕದ ಕೋಣೆಯಿಂದ ಅಕ್ಕ ಬಂದು, "ಏನೋ ಸೀದುಹೋಗುತ್ತಿದೆಯಲ್ಲ, ನೋಡಬಾರದೇ?" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಕೋಣೆಯಲ್ಲಿ ಪರಿಮಳವಿರಲಿಲ್ಲ, ಘಾಟಿತ್ತು.

ಅಂದಿನಿಂದ ಬಟ್ಟಲಿನ ವಾಸನೆಯನ್ನು ನಂಬುವುದನ್ನು ಬಿಟ್ಟೆ. ಗುಲಾಬಿ ದಳದಲ್ಲಿ ಸುಗಂಧದ ಎಣ್ಣೆ ಇರುವುದೇ ಅತ್ಯಲ್ಪ. ಒಣಗುವಾಗ ಅದರಲ್ಲಿ ಬಹುಪಾಲು ಹಾರಿಹೋಗುತ್ತದೆ, ಉಳಿದ ದಳ ಯಾವುದೇ ಒಣ ಎಲೆಯಂತೆ ಸುಡುತ್ತದೆ. ಹೂವಿನ ಪರಿಮಳವನ್ನು ಹೊಗೆಯಿಂದ ಬಯಸಿದ್ದು ನನ್ನ ತಪ್ಪು. ಬಿಸಿಯನ್ನು ತಾಳಿ ಮಾತನಾಡುವ ಶಕ್ತಿ ಇರುವುದು ಮುಖ್ಯವಾಗಿ ಮರ, ಬೇರು, ಅಂಟು ಈ ಮೂರಕ್ಕೆ.

ಹಾಗಾಗಿ ಮಿಶ್ರಣವನ್ನು ಬದಿಗಿಟ್ಟು ಒಂದೊಂದನ್ನೇ ಪರಿಚಯ ಮಾಡಿಕೊಳ್ಳತೊಡಗಿದೆ. ಬೂದಿ ತುಂಬಿದ ಬಟ್ಟಲಿನಲ್ಲಿ ಕೆಂಡವನ್ನು ಹುದುಗಿಸಿ, ಮೇಲೆ ಕಾಗೆಬಂಗಾರದ ತೆಳುವಾದ ತುಣುಕನ್ನಿಟ್ಟು, ಅದರ ಮೇಲೆ ಚಿಟಿಕೆ ಪುಡಿ ಇಡುವ ವಿಧಾನ ಜಪಾನಿನದು. ಅಲ್ಲಿನವರು ಇದನ್ನು ಮೂಸುವುದು ಎನ್ನುವುದಿಲ್ಲ, ಗಂಧವನ್ನು "ಕೇಳುವುದು" ಎನ್ನುತ್ತಾರೆ. ವಸ್ತು ಉರಿಯುವುದಿಲ್ಲ, ಬರೀ ಬಿಸಿಯಾಗುತ್ತದೆ. ಹೊಗೆ ಅಡ್ಡ ಬರದ ಕಾರಣ ಅದರ ನಿಜ ಸ್ವಭಾವ ತಿಳಿಯುತ್ತದೆ.

ಮೊದಲು ಇಟ್ಟದ್ದು ಸಾಸಿವೆ ಕಾಳಿನಷ್ಟು ಸಾಂಬ್ರಾಣಿ. ಅದರ ಅಂಚು ಮೆತ್ತಗಾಗಿ ಹೊಳೆಯಿತು, ಸಣ್ಣ ಗುಳ್ಳೆಗಳೆದ್ದವು. ಮೊದಲ ಉಸಿರಿಗೆ ಮೂಗಿನ ಒಳಗೆ ಚುಚ್ಚಿದಂತಾಯಿತು. ಆ ಚುಚ್ಚು ಇಳಿದ ಮೇಲೆ ಹಿಂದಿನಿಂದ ಸಿಹಿ ಬಂತು. ಸಾಂಬ್ರಾಣಿಯಲ್ಲಿರುವ ವೆನಿಲಿನ್ ಎಂಬ, ವೆನಿಲಾ ಪರಿಮಳದ ಅಂಶದ ಸಿಹಿ ಅದು. ಹತ್ತು ಹನ್ನೆರಡು ನಿಮಿಷಗಳಾದ ಬಳಿಕ ಮಣಿ ಕಪ್ಪು ಚಕ್ಕೆಯಾಗಿ ಕಮಟು ವಾಸನೆ ಶುರುವಾಯಿತು. ಒಂದೇ ಮಣಿಯಲ್ಲಿ ಮೂರು ವಾಸನೆಗಳು. ಇಷ್ಟನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ಏಲಕ್ಕಿ ಬಿಸಿ ತಾಗಿದ ಕೂಡಲೇ ಮೇಲೆದ್ದು, ನಾನು ಗಮನಿಸುವಷ್ಟರಲ್ಲಿ ಮಾಯವಾಯಿತು. ಶ್ರೀಗಂಧ ನಿಧಾನವಾಗಿ ಬಂದು ಬಹಳ ಹೊತ್ತು ನಿಂತಿತು. ಲಾವಂಚದ ಬೇರು ಬಿಸಿಯಾದಾಗ ಮೊದಲ ಮಳೆ ಬಿದ್ದ ನೆಲ, ಅದರೊಳಗೆ ಸಣ್ಣದೊಂದು ಕಹಿ. ಎಷ್ಟೋ ವರ್ಷಗಳಿಂದ ಹೆಸರು ಗೊತ್ತಿದ್ದ ವಸ್ತುಗಳಿವು. ಆದರೆ ಅವುಗಳ ಈ ಗುಣಗಳ ಗಂಧಗಾಳಿಯೂ ನನಗಿರಲಿಲ್ಲ.

ದಿನಕ್ಕೆ ಮೂರಕ್ಕಿಂತ ಹೆಚ್ಚು ವಸ್ತುಗಳನ್ನು ನೋಡಬೇಡಿ. ನಾಲ್ಕನೆಯದಕ್ಕೆ ಮೂಗು ದಣಿದಿರುತ್ತದೆ, ಆಗ ಬರೆದುಕೊಂಡದ್ದೆಲ್ಲ ವ್ಯರ್ಥ. ನಡುವೆ ಹೊರಗೆ ಹೋಗಿ ಗಾಳಿಯಲ್ಲಿ ನಿಂತು ಬರುವುದೇ ಒಳ್ಳೆಯ ಉಪಾಯ.

ಎಷ್ಟು ವಸ್ತುಗಳನ್ನು ಇಟ್ಟುಕೊಳ್ಳಬೇಕು? 6ನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯ ಗಂಧಯುಕ್ತಿ ಅಧ್ಯಾಯದಲ್ಲಿ ಇದನ್ನು ಲೆಕ್ಕ ಹಾಕಿಯೇ ತೋರಿಸಿದ್ದಾನೆ. 16 ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿದರೆ 1820 ಬಗೆಗಳಾಗುತ್ತವೆ. ಪ್ರಮಾಣವನ್ನು ಬದಲಿಸುತ್ತಾ ಹೋದರೆ ಈ ಸಂಖ್ಯೆ ಇನ್ನೂ ಬೆಳೆಯುತ್ತದೆ. ಇದನ್ನು ಓದಿದ ದಿನ ಕಪಾಟಿನಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಡಬ್ಬಿಗಳಲ್ಲಿ ಐದನ್ನು ಮಾತ್ರ ಹೊರಗಿಟ್ಟು ಉಳಿದವನ್ನು ಮುಚ್ಚಿಟ್ಟೆ. ಒಂದು ವರ್ಷ ಐದರಲ್ಲೇ ಕೆಲಸ ಮಾಡಿದೆ. ಈ ಹಾದಿಯಲ್ಲಿ ನಾನು ಮಾಡಿದ ಅತ್ಯುತ್ತಮ ನಿರ್ಧಾರ ಅದು.

ಆ ವರ್ಷದಲ್ಲೇ ಮತ್ತೊಂದು ತೊಡಕು ಎದುರಾಯಿತು. ಕಾಗೆಬಂಗಾರದ ಮೇಲೆ ಮನಸೋಲುವಂತಿದ್ದ ಮಿಶ್ರಣವನ್ನು ಬತ್ತಿಯಾಗಿಸಿ ಹಚ್ಚಿದರೆ ಲವಂಗ ಒಂದೇ ಕೂಗುತ್ತಿತ್ತು. ಹತ್ತು ಗ್ರಾಂ ಪುಡಿಗೆ ಒಂದು ಗ್ರಾಂ ಲವಂಗ ಹಾಕಿದ್ದೆ. ಯೋಚಿಸಿದಾಗ ಕಾರಣ ಹೊಳೆಯಿತು. ಕಾಗೆಬಂಗಾರದ ಮೇಲೆ ವಾಸನೆಗಳು ಸರದಿಯಲ್ಲಿ ಬರುತ್ತವೆ: ಹಗುರವಾದದ್ದು ಮೊದಲು, ಭಾರವಾದದ್ದು ಕೊನೆಗೆ. ಬತ್ತಿಯಲ್ಲಿ ಹಾಗಲ್ಲ. ಕಿಡಿ ಇಳಿಯುತ್ತಾ ಹೋದಂತೆ ಅದರ ಕೆಳಗಿನ ತೆಳುವಾದ ಪದರ ಬಿಸಿಯಾಗಿ ಎಲ್ಲ ವಾಸನೆಗಳನ್ನೂ ಒಟ್ಟಿಗೆ ಬಿಡುತ್ತದೆ. ನಮಗೆ ಸಿಗುವ ಪರಿಮಳ ಬಹುಮಟ್ಟಿಗೆ ಈ ಪದರದಿಂದ ಬರುತ್ತದೆ, ಕಿಡಿಯಿಂದಲ್ಲ. ಅಲ್ಲಿ ಸರದಿಯಿಲ್ಲದ ಕಾರಣ ಜೋರು ದನಿಯದೇ ಗೆಲ್ಲುತ್ತದೆ.

ಲವಂಗವನ್ನು ಕಾಲು ಗ್ರಾಮಿಗೆ ಇಳಿಸಿದೆ. ಹಲವು ಪ್ರಯತ್ನಗಳ ನಂತರ ನಿಂತ ಅಳತೆ ಹೀಗಿದೆ: ಶ್ರೀಗಂಧ 5 ಗ್ರಾಂ, ಜಿಗಟು 2 ಗ್ರಾಂ, ಸಾಂಬ್ರಾಣಿ ಒಂದೂವರೆ ಗ್ರಾಂ, ಲಾವಂಚ 1 ಗ್ರಾಂ, ಲವಂಗ ಮತ್ತು ಏಲಕ್ಕಿ ಕಾಲು ಕಾಲು ಗ್ರಾಂ. ಇಷ್ಟು ಕಡಿಮೆ ಲವಂಗದ ವಾಸನೆ ಬೇರೆಯಾಗಿ ಗೊತ್ತಾಗುವುದಿಲ್ಲ. ಆದರೆ ಅದನ್ನು ತೆಗೆದು ನೋಡಿದರೆ ಶ್ರೀಗಂಧ ಸಪ್ಪೆಯಾಗುತ್ತದೆ.

ಜಿಗಟು ಎಂದರೆ ಗುಳಮಾವಿನ ತೊಗಟೆಯ ಪುಡಿ. ನೀರು ತಾಗಿದರೆ ಲೋಳೆಯಾಗಿ ಎಲ್ಲವನ್ನೂ ಹಿಡಿದಿಡುತ್ತದೆ, ಉರಿಯುವಾಗ ತನ್ನ ವಾಸನೆಯನ್ನು ಹೆಚ್ಚು ತೋರುವುದಿಲ್ಲ. ಸಾಂಬ್ರಾಣಿಯನ್ನು ಕುಟ್ಟುವ ಮೊದಲು ಅರ್ಧ ಗಂಟೆ ಫ್ರೀಜರಿನಲ್ಲಿಡಿ, ಇಲ್ಲವಾದರೆ ಕುಟ್ಟಣಿಗೆ ಅಂಟಿಕೊಳ್ಳುತ್ತದೆ. ಸಾಂಬ್ರಾಣಿಯಂಥ ಅಂಟಿನ ಪ್ರಮಾಣ ಮೂರನೆಯ ಒಂದು ಪಾಲನ್ನು ದಾಟಿದಾಗಲೆಲ್ಲ ನನ್ನ ಬತ್ತಿಗಳು ಕರಗಿ ಆರಿಹೋಗಿವೆ. ಪುಡಿಗಳನ್ನೆಲ್ಲ ವಸ್ತ್ರಗಾಳಿತ ಮಾಡಿಕೊಂಡು, ಬೆಚ್ಚಗಿನ ನೀರನ್ನು ಹನಿಹನಿಯಾಗಿ ಸೇರಿಸಿ, ಮುದ್ದೆ ಕಿವಿಯ ಹಾಲೆಯಷ್ಟು ಮೃದುವಾಗುವವರೆಗೆ ನಾದುತ್ತೇನೆ. ಅಂಗೈಯಲ್ಲಿ ಹೊಸೆಯುವಾಗ ಬಿರುಕು ಕಂಡರೆ ನೀರು ಸಾಲದು, ಕೈಗೆ ಮೆತ್ತಿದರೆ ಹೆಚ್ಚಾಗಿದೆ. ಒಣಗಿಸುವುದು ನೆರಳಿನಲ್ಲೇ, ದಿನಕ್ಕೊಮ್ಮೆ ಮಗುಚಿ ಹಾಕುತ್ತಾ. ಅವಸರಕ್ಕೆ ಒಮ್ಮೆ ಬಿಸಿಲಿಗಿಟ್ಟಾಗ ಬತ್ತಿಗಳು ಬಿಲ್ಲಿನಂತೆ ಬಾಗಿದವು, ಏಲಕ್ಕಿಯ ಸುಳಿವೂ ಉಳಿಯಲಿಲ್ಲ.

ಒಣಗಿದ ಕೂಡಲೇ ಹಚ್ಚಿ ತೀರ್ಪು ಕೊಡಬೇಡಿ. ಮುಚ್ಚಳವಿರುವ ಮರದ ಪೆಟ್ಟಿಗೆಯಲ್ಲಿ ಮೂರು ವಾರ ಇಟ್ಟರೆ ಲವಂಗದ ಮೊನೆ ಮೊಂಡಾಗುತ್ತದೆ, ಲಾವಂಚದ ಕಹಿ ಶ್ರೀಗಂಧದೊಳಗೆ ಇಳಿಯುತ್ತದೆ. ಒಂದೇ ದಿನ ಹೊಸೆದ ಬತ್ತಿಗಳನ್ನು ಮೊದಲ ವಾರ ಒಂದು, ನಾಲ್ಕನೆಯ ವಾರ ಇನ್ನೊಂದು ಹಚ್ಚಿ ನೋಡಿ. ಎರಡೂ ಒಂದೇ ಮುದ್ದೆಯವು ಎಂದು ನಂಬುವುದು ಕಷ್ಟ.

ಹಚ್ಚಿದ ಮೇಲೂ ನಾನು ಅಲ್ಲೇ ಕೂರುವುದಿಲ್ಲ. ಬತ್ತಿ ಪೂರ್ತಿ ಆರಿ ಅರ್ಧ ಗಂಟೆಯಾದ ನಂತರ ಕೋಣೆಗೆ ಹಿಂತಿರುಗಿ ಬಾಗಿಲಲ್ಲಿ ನಿಂತು ಮೊದಲ ಉಸಿರು ಎಳೆದುಕೊಳ್ಳುತ್ತೇನೆ. ಹೊಗೆಯ ಗದ್ದಲ ಅಡಗಿದ ಮೇಲೆ ಪರದೆಯಲ್ಲಿ, ಬಟ್ಟೆಯಲ್ಲಿ ಉಳಿದಿರುವುದೇ ಆ ಧೂಪದ ಅಸಲಿ ಪರಿಮಳ ಎಂದು ನಾನು ಎಣಿಸುತ್ತೇನೆ. ಉರಿಯುವಾಗ ಚೆನ್ನಾಗಿದ್ದು ಆಮೇಲೆ ಕಮಟು ಬಿಟ್ಟುಹೋದ ಮಿಶ್ರಣಗಳನ್ನು ಕೈಬಿಟ್ಟಿದ್ದೇನೆ. ಮೇಲೆ ಕೊಟ್ಟ ಅಳತೆ ಗೆದ್ದದ್ದು ಈ ಪರೀಕ್ಷೆಯಲ್ಲೇ.

ನೈಸರ್ಗಿಕ ಎಂಬ ಮಾತಿಗೆ ಮರುಳಾಗಿ ಎಚ್ಚರ ತಪ್ಪಬಾರದು. ಯಾವ ಹೊಗೆಯಲ್ಲಾದರೂ ಶ್ವಾಸಕೋಶಕ್ಕೆ ಇಳಿಯುವ ಸೂಕ್ಷ್ಮ ಕಣಗಳಿರುತ್ತವೆ. ಕಿಟಕಿ ತೆರೆದಿಟ್ಟೇ ಹಚ್ಚುತ್ತೇನೆ, ಉಬ್ಬಸ ಇರುವವರು ಬಂದರೆ ಹಚ್ಚುವುದೇ ಇಲ್ಲ. ಜಟಾಮಾಂಸಿ ಹಿಮಾಲಯದ ಎತ್ತರದಲ್ಲಿ ಬೆಳೆಯುವ, ಬೇರಿಗಾಗಿ ಕಿತ್ತೇ ಅಳಿವಿನ ಅಂಚಿಗೆ ಬಂದಿರುವ ಗಿಡವೆಂದು ತಿಳಿದ ಮೇಲೆ ಅದನ್ನು ಕೊಳ್ಳುವುದನ್ನು ನಿಲ್ಲಿಸಿದೆ. ಅದರ ಮಣ್ಣಿನಂಥ ಆಳಕ್ಕಾಗಿ ಈಗ ಕೊನ್ನಾರಿಗಡ್ಡೆಯನ್ನು ಬಳಸಿ ನೋಡುತ್ತಿದ್ದೇನೆ. ಹೊಲದಲ್ಲಿ ಎಷ್ಟು ಕಿತ್ತರೂ ಮತ್ತೆ ಬರುವ ಕಳೆ ಅದು. ಗಡ್ಡೆಯನ್ನು ತೊಳೆದು, ಒಣಗಿಸಿ, ಕುಟ್ಟಿ, ಅರ್ಧ ಗ್ರಾಂ ಬೆರೆಸಿದ ಬತ್ತಿಗಳು ಹನ್ನೊಂದು ದಿನಗಳಿಂದ ಪೆಟ್ಟಿಗೆಯಲ್ಲಿವೆ. ಇನ್ನು ಹತ್ತು ದಿನ ಮುಚ್ಚಳ ತೆಗೆಯುವುದಿಲ್ಲ.