ಹಿಮದಲ್ಲಿ ಸೈಕಲ್: ಔಲುಗೆ ಹೊರಟ ನಮ್ಮ ಊರಿನವರಿಗೆ

ರಜೆಗೆ ದಾವಣಗೆರೆಗೆ ಬಂದಾಗಲೆಲ್ಲ, ಫಿನ್‌ಲ್ಯಾಂಡಿಗೆ ಓದಲು ಹೊರಟವರು ಯಾರಾದರೂ ಮನೆಗೆ ಬಂದೇ ಬರುತ್ತಾರೆ. ಈ ಸಲ ವಿದ್ಯಾನಗರದ ಹುಡುಗಿಯೊಬ್ಬಳು ಅಮ್ಮನ ಜೊತೆ ಬಂದಿದ್ದಳು. "ಅಷ್ಟು ಥಂಡ್ಯಾಗ ಸೈಕಲ್ ಹೊಡೆಯಾಕ ಆಗ್ತತೇನಪ್ಪಾ?" ಅಂತ ಆ ಅಮ್ಮ ಕೇಳಿದರು. ಆಗುತ್ತದೆ. ಫಿನ್‌ಲ್ಯಾಂಡಿನ ಔಲು ಎಂಬ ಊರಿನಲ್ಲಿ ಶಾಲೆ ಮಕ್ಕಳೂ ಚಳಿಗಾಲದಲ್ಲಿ ಸೈಕಲ್ಲಲ್ಲೇ ಹೋಗುತ್ತಾರೆ. ಚಳಿಗಾಲದ ಸೈಕಲ್ ಸವಾರಿಗೆಂದೇ ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ಮೊದಲು ಸೇರಿದ್ದು ಅಲ್ಲೇ.

ಚಳಿಗೆ ಜಾಸ್ತಿ ಹೆದರಬೇಡಿ. ಮೈನಸ್ 10ರಲ್ಲಿ ಗಟ್ಟಿಯಾಗಿ ಕೂತ ಹಿಮದ ಮೇಲೆ ಟೈರು ಚೆನ್ನಾಗಿ ಹಿಡಿಯುತ್ತದೆ. ಹೆದರಬೇಕಾದ್ದು ಸೊನ್ನೆಯ ಆಸುಪಾಸಿನ ದಿನಗಳಿಗೆ. ಹಗಲು ಕರಗಿದ ನೀರು ರಾತ್ರಿ ಗಾಜಿನ ಹಾಗೆ ಐಸ್ ಆಗಿರುತ್ತದೆ. ಮೇಲೆ ಹೊಸ ಹಿಮ ಬಿದ್ದರೆ ಕಣ್ಣಿಗೂ ಕಾಣುವುದಿಲ್ಲ. ಮೊದಲ ವರ್ಷ ನಾನು ಬಿದ್ದದ್ದು ಅಂಥ ಒಂದು ಬೆಳಿಗ್ಗೆ. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದೆ, ಅಷ್ಟೇ. ಕೈ ಊರುವ ಮೊದಲೇ ಮೊಣಕೈ ನೆಲಕ್ಕೆ ಬಡಿದಿತ್ತು.

ಸೈಕಲ್ ಹಳೆಯದಾದರೂ ಪರವಾಗಿಲ್ಲ, ಮೊಳೆ ಕೂರಿಸಿದ ಸ್ಟಡ್ ಟೈರ್ ಹಾಕಿಸಿ. ಇದರಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಎರಡಕ್ಕೂ ಆಗದಿದ್ದರೆ ಮುಂದಿನ ಗಾಲಿಗಾದರೂ ಇರಲಿ. ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬಿದ್ದ ಹಾಗೇ.

ಮಳೆ ಬಂದ ಮೇಲೆ ಎರೆ ಹೊಲದ ದಾರಿಯಲ್ಲಿ ಸೈಕಲ್ ತಳ್ಳಿದ್ದೀರಲ್ವಾ? ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿಕೊಂಡು ಗಾಲಿಯೇ ತಿರುಗುವುದಿಲ್ಲ. ಒದ್ದೆ ಹಿಮವೂ ಹಾಗೇ. ನಾವು ಇಲ್ಲಿ ಕಡ್ಡಿ ಹಾಕಿ ಕೆರೆಯುವ ಹಾಗೇ ಅಲ್ಲೂ ಕೆರೆಯಬೇಕು. ಆದರೆ ಸೈಕಲ್ಲನ್ನು ಬೆಚ್ಚಗಿನ ಮನೆಯೊಳಗೆ ಸ್ವಲ್ಪ ಹೊತ್ತು ಇಟ್ಟು ಮತ್ತೆ ಹೊರಗೆ ತರಬೇಡಿ. ಕರಗಿದ ನೀರು ಗೇರ್ ವೈರಿನೊಳಗೆ ಇಳಿದು ಅಲ್ಲೇ ಹೆಪ್ಪುಗಟ್ಟುತ್ತದೆ. ಇಟ್ಟರೆ ಪೂರ್ತಿ ಒಣಗುವವರೆಗೆ ಇಡಿ, ಇಲ್ಲ ಅಂದ್ರೆ ಹೊರಗೇ ಬಿಡಿ.

ಡಿಸೆಂಬರ್ ಕೊನೆಗೆ ಅಲ್ಲಿ ಹಗಲು ಸುಮಾರು ಮೂರೂವರೆ ಗಂಟೆ. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕತ್ತಲಲ್ಲಿ ಕಡ್ಡಾಯ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ದೀಪ ಬಿಚ್ಚಿ ಒಳಗೆ ಒಯ್ಯಿರಿ.

ಬಟ್ಟೆ ಸುಮ್ನೆ ಹೇರಿಕೊಳ್ಳಬೇಡಿ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗೆ ಹೊರಟರೆ ಹತ್ತು ನಿಮಿಷಕ್ಕೆ ಬೆವರು, ಅದು ಆರುವಾಗ ನಡುಕ. ಗ್ಲೌಸ್ ಮಾತ್ರ ದಪ್ಪದ್ದೇ ಇರಲಿ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲಾಗದು.

ಮೊದಲ ಹಿಮ ಬಿದ್ದ ದಿನವೇ ಕ್ಲಾಸಿಗೆ ಸೈಕಲ್ ಹತ್ತಬೇಡಿ. ಎರಡೂ ಪಾದ ನೆಲ ಮುಟ್ಟುವಷ್ಟು ಸೀಟು ಇಳಿಸಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಅರ್ಧ ಗಂಟೆ ಸುತ್ತಿ, ಹಿಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು ಹಿಡಿದು ನೋಡಿ.