ಮೂರು ಟೂಲ್‌ಗೆ ನಾವು ಬೆಲೆ ಕಟ್ಟಿದ ಬಗೆ

ಮಂಗಳೂರಿನ ಬಿಜೈಯಲ್ಲಿ ನಮ್ಮದೊಂದು ಸಣ್ಣ ಆಫೀಸು. ಡೆವಲಪರ್‌ಗಳಿಗೆ ಬೇಕಾಗುವ ಮೂರು ಟೂಲ್ ಮಾಡಿ ಮಾರುತ್ತೇವೆ. ಒಂದು, ಎರಡು ಡೇಟಾಬೇಸ್ ಪಕ್ಕಪಕ್ಕ ಇಟ್ಟು ಯಾವ ಟೇಬಲ್, ಯಾವ ಕಾಲಂ ಬದಲಾಗಿದೆ ಅಂತ ತೋರಿಸುತ್ತದೆ. ಇನ್ನೊಂದು ಟೆಸ್ಟಿಂಗ್‌ಗೆ ಡಮ್ಮಿ ಡೇಟಾ ತುಂಬಿಸುತ್ತದೆ. ಮೂರನೆಯದು ಸರ್ವರ್ ಲಾಗ್, ಅಂದರೆ ಸರ್ವರ್‌ನಲ್ಲಿ ಏನೇನಾಯಿತು ಅಂತ ದಾಖಲಾಗುವ ಫೈಲು, ಓದಲು. ನಮಗೆ ಅನ್ನ ಹಾಕುವುದು ಮೊದಲನೆಯದೇ.

ಮೂರನ್ನೂ ಒಂದೇ ಪ್ಯಾಕ್ ಮಾಡಿ ಜಾಸ್ತಿ ದುಡ್ಡು ಕೇಳಬಹುದಿತ್ತು. ದೊಡ್ಡ ಕಂಪನಿಗಳು ಮಾಡುವುದು ಅದನ್ನೇ ಅಲ್ವಾ. ಆದರೆ ಬೆಲೆ ಹಾಕುವ ಮೊದಲು ನಾನು ಹಳೆಯ ಗಿರಾಕಿಗಳ ಆಫೀಸಿಗೆ, ಅದೂ ಅವರ ಸಾಫ್ಟ್‌ವೇರ್‌ನ ಹೊಸ ವರ್ಷನ್ ರಿಲೀಸ್ ಇರುವ ಸಂಜೆಯೇ ನೋಡಿಕೊಂಡು ಹೋಗಿ, ಅವರ ಹಿಂದೆ ಕುರ್ಚಿ ಹಾಕಿ ಕೂತೆ. ಕದ್ರಿಯ ಒಂದು ಆಫೀಸಿನಲ್ಲಿ ಡೆವಲಪರ್ ಒಬ್ಬರು ಮೊದಲು ಡಮ್ಮಿ ಡೇಟಾ ತುಂಬಿಸಿದರು, ಟೆಸ್ಟ್ ಓಡಿಸಿದರು, ಆಮೇಲೆ ಟೆಸ್ಟ್ ಡೇಟಾಬೇಸನ್ನು ನಿಜವಾಗಿ ಬಳಕೆಯಲ್ಲಿರುವ ಲೈವ್ ಡೇಟಾಬೇಸ್ ಜೊತೆ ಹೋಲಿಸಿ, ಬಿಟ್ಟುಹೋಗಿದ್ದ ಒಂದು ಇಂಡೆಕ್ಸ್ (ಡೇಟಾ ಬೇಗ ಹುಡುಕಲು ಇರುವ ಸೂಚಿ) ಸೇರಿಸಿದರು. ಎರಡೂ ಟೂಲ್ ಒಬ್ಬರ ಕೈಯಲ್ಲೇ, ಒಂದೇ ಕೆಲಸಕ್ಕೆ. ಲಾಗ್ ಟೂಲ್ ತೆರೆದು ಕೂತವರು ಪಕ್ಕದ ರೂಮಿನ ಸಪೋರ್ಟ್‌ನವರು. ಅವರ ಖರ್ಚಿನ ಲೆಕ್ಕವೂ ಬೇರೆ. ಮೂರೂ ಸೇರಿಸಿ ಕೊಟ್ಟರೆ ಹೇಗೆ ಅಂತ ಕೇಳಿದ್ದಕ್ಕೆ ಮಾಲೀಕರು ನಕ್ಕರು. "ಎಂತ ಮಾರಾಯ್ರೆ, ಅವರು ಬಳಸುವುದಕ್ಕೆ ಇವರ ಹತ್ತಿರ ದುಡ್ಡು ಕೇಳಿದ್ರೆ ಆಗ್ತದಾ?"

ಹಾಗಾಗಿ ಮೊದಲ ಎರಡು ಒಂದೇ ಪ್ಯಾಕ್. ಲಾಗ್ ಟೂಲ್ ಬೇರೆ. ಒಬ್ಬರೇ ಒಂದೇ ಕೆಲಸಕ್ಕೆ ಬಳಸುವುದನ್ನು ಮಾತ್ರ ಒಟ್ಟಿಗೆ ಕಟ್ಟುವುದು ಅಂತ ಮಾಡಿಕೊಂಡೆವು. ಸುಮ್ನೆ ಪಟ್ಟಿ ಉದ್ದ ಮಾಡಲು ಏನನ್ನೂ ತುರುಕಲಿಲ್ಲ.

ಈ ಪ್ಯಾಕ್‌ನ ಬೆಲೆ: ಐದು ಜನರ ಟೀಮಿಗೆ ವರ್ಷಕ್ಕೆ 12,700 ರೂಪಾಯಿ. ಇದೆಂಥ ಲೆಕ್ಕ ಅಂತ ಕೇಳುವವರು ಇದ್ದಾರೆ. 18% ಜಿಎಸ್‌ಟಿ ಸೇರಿದರೆ 14,986 ಆಗುತ್ತದೆ. ಕಾರ್ಡಿನಿಂದ ತಾನಾಗಿಯೇ ಕಟ್ ಆಗುವ ಹಣ 15,000 ದಾಟಿದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ಸಲ ಒಟಿಪಿ ಬೇಕು. 2022ರ ಜೂನ್‌ಗೆ ಮೊದಲು ಈ ಮಿತಿ 5,000 ಇತ್ತು. ಒಟಿಪಿ ಬರುವುದು ಮಾಲೀಕರ ಮೊಬೈಲಿಗೆ, ಅವರು ದುಬೈಯಲ್ಲೋ ಮದುವೆ ಹಾಲ್‌ನಲ್ಲೋ ಇರುತ್ತಾರೆ, ರಿನ್ಯೂವಲ್ ಅಲ್ಲಿಗೇ ನಿಂತಿತು. ಇನ್ನು ರೂಪಾಯಿಯಲ್ಲಿ ನಮ್ಮದೇ ಜಿಎಸ್‌ಟಿ ಬಿಲ್ ಕೊಟ್ಟರೆ ಅಕೌಂಟ್ಸ್‌ನವರಿಗೂ ಖುಷಿ. ಹೊರದೇಶದ ಕಂಪನಿಯಿಂದ ತಗೊಂಡರೆ ರಿವರ್ಸ್ ಚಾರ್ಜ್‌ನಲ್ಲಿ ತೆರಿಗೆಯನ್ನು ತಾವೇ ಕಟ್ಟಿ, ಆಮೇಲೆ ಕ್ರೆಡಿಟ್ ತಗೊಳ್ಳಬೇಕು, ಡಾಲರ್ ಏರಿದಾಗ ಬಿಲ್ಲೂ ಏರುತ್ತದೆ.

ವರ್ಷ ಮುಗಿದ ಮೇಲೆ ಟೂಲ್ ಬಂದ್ ಆಗಬೇಕಾ? ಇದಕ್ಕೆ ನಾವು, ಡೆವಲಪರ್‌ಗಳಿಗೆ ಟೂಲ್ ಮಾಡುವ ಜೆಟ್‌ಬ್ರೇನ್ಸ್ ಕಂಪನಿಯ ದಾರಿ ಹಿಡಿದೆವು. 2015ರಲ್ಲಿ ಅವರು ಪೂರ್ತಿ ಸಬ್‌ಸ್ಕ್ರಿಪ್ಶನ್‌ಗೆ ಹೋಗುತ್ತೇವೆ ಅಂದಾಗ ಬಳಕೆದಾರರು ಜೋರಾಗಿ ಗಲಾಟೆ ಮಾಡಿದರು. ಆಮೇಲೆ, ಒಂದು ವರ್ಷ ದುಡ್ಡು ಕೊಟ್ಟವರು ಸಬ್‌ಸ್ಕ್ರಿಪ್ಶನ್ ನಿಲ್ಲಿಸಿದರೂ ಒಂದು ಹಳೆಯ ವರ್ಷನ್ ಇಟ್ಟುಕೊಳ್ಳಬಹುದು ಅಂತ ಮಾಡಿದರು. ನಮ್ಮಲ್ಲೂ ಹಾಗೇ. ಅಪ್‌ಡೇಟ್ ಬೇಡವಾದರೆ ಬೇಡ, ಕೆಲಸ ನಿಲ್ಲುವುದಿಲ್ಲ.

ಫ್ರೀ ಕೊಡುವ ವಿಷಯದಲ್ಲಿ ಫೀಚರ್ ಕತ್ತರಿಸುವುದು ನನಗೆ ಇಷ್ಟವಿಲ್ಲ. ಕಂಪನಿಯ ಗಾತ್ರ ನೋಡಿ ಗೆರೆ ಎಳೆಯುವುದೇ ಮರ್ಯಾದೆಯ ದಾರಿ. 2021ರಲ್ಲಿ ಡಾಕರ್ ಕಂಪನಿಯವರು ಡೆವಲಪರ್‌ಗಳು ಬಳಸುವ ತಮ್ಮ ಡಾಕರ್ ಡೆಸ್ಕ್‌ಟಾಪ್ ಟೂಲ್‌ಗೆ 250 ಉದ್ಯೋಗಿ, ಒಂದು ಕೋಟಿ ಡಾಲರ್ ಆದಾಯ ಅಂತ ಗೆರೆ ಎಳೆದರು, ಅದಕ್ಕಿಂತ ಸಣ್ಣವರಿಗೆ ಫ್ರೀ. ನಮ್ಮಲ್ಲಿ ಇಬ್ಬರವರೆಗೆ ಫ್ರೀ. ಸುರತ್ಕಲ್, ಮಣಿಪಾಲ, ನಿಟ್ಟೆಯ ವಿದ್ಯಾರ್ಥಿಗಳಿಗೆ ಕಾಲೇಜು ಇಮೇಲ್ ಇದ್ದರೆ ಪೂರ್ತಿ ಫ್ರೀ. ನಾಳೆ ಕೆಲಸಕ್ಕೆ ಸೇರಿದ ಆಫೀಸಿನಲ್ಲಿ ಇದೇ ಟೂಲ್ ಕೇಳುವವರು ಅವರೇ.

ಕೋಡನ್ನು ತಾನಾಗಿಯೇ ಜೋಡಿಸಿ ಟೆಸ್ಟ್ ಮಾಡುವ ಬಿಲ್ಡ್ ಸರ್ವರ್‌ನಲ್ಲಿ ಟೂಲ್ ಓಡಿದರೆ ಅದನ್ನೂ ಒಂದು ತಲೆ ಅಂತ ಎಣಿಸಿ ದುಡ್ಡು ಕೇಳುವವರಿದ್ದಾರೆ. ಸಿಂಗಲ್ ಸೈನ್-ಆನ್ (ಕಂಪನಿಯ ಒಂದೇ ಲಾಗಿನ್‌ನಲ್ಲಿ ಎಲ್ಲ ಟೂಲ್ ತೆರೆಯುವುದು) ಬೇಕು ಅಂದರೆ ಅತಿ ದುಬಾರಿ ಪ್ಲಾನ್ ತಗೊಳ್ಳಿ ಅನ್ನುವವರೂ ಇದ್ದಾರೆ. ಸೆಕ್ಯುರಿಟಿಗೆ ಬೇಕಾದ್ದನ್ನು ಒತ್ತೆ ಇಟ್ಟುಕೊಳ್ಳುವ ವ್ಯಾಪಾರ ಇದು. ನಮ್ಮ ಪ್ಯಾಕ್‌ನಲ್ಲಿ ಎರಡೂ ಕೊಸರು, ಬಿಲ್ಲಿನಲ್ಲಿ ಸಾಲೇ ಇಲ್ಲ.

ರಿನ್ಯೂವಲ್ ನೆನಪಿಸುವ ಮೇಲ್ ಫೆಬ್ರವರಿಯಲ್ಲೇ ಕಳಿಸುತ್ತೇವೆ. ಮಾರ್ಚ್ ಕೊನೆಯ ವಾರ ಅಕೌಂಟ್ಸ್‌ನವರು ಯಾರ ಫೋನೂ ಎತ್ತುವುದಿಲ್ಲ. ಲಾಗ್ ಟೂಲ್‌ನ ಬೆಲೆಗೆ ಬಳಸುವ ಜನರ ತಲೆ ಲೆಕ್ಕವಾ, ಸರ್ವರ್ ಲೆಕ್ಕವಾ ಅಂತ ಆಫೀಸಿನಲ್ಲಿ ಇನ್ನೂ ಜಗಳ ನಡೆಯುತ್ತಿದೆ. ನಾನು ತಲೆ ಲೆಕ್ಕದ ಕಡೆ, ಯಾಕೆಂದರೆ ಸರ್ವರ್ ಎಣಿಸಿದರೆ ಜನ ಎರಡು ಸರ್ವರ್‌ನ ಲಾಗ್ ಒಂದೇ ಫೈಲಿಗೆ ಸುರಿದು ಓದುತ್ತಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ.